ಹೊತ್ತಿಗೆ ಮುಂಚೆ ತೊಟ್ಟ ಕೈಗವಸು

ನಮ್ಮ ಯಜಮಾನರು ಒಂದು ಕಾಲಕ್ಕೆ ರೇಸ್ ಕಾರು ಓಡಿಸಿ ಹೆಸರು ಮಾಡಿದವರು. ಈಗ ಅವರ ಅಂಗಿಯ ಗುಂಡಿ ಹಾಕಲು ನಾನು ಬೇಕು. ಮಣಿಕಟ್ಟು ಮುರಿದಿದ್ದನ್ನು ಯಾರಿಗೂ ಹೇಳದೆ ರೇಸಿಗಿಳಿದರು, ಗೆದ್ದರು, ಬಲಗೈಯ ಬೆರಳುಗಳು ಅಂದಿನಿಂದ ಸರಿಯಾಗಿ ಮಡಚಲಿಲ್ಲ. ಅಂದು ಗೆದ್ದ ಕಪ್ ಶೋಕೇಸಿನಲ್ಲಿದೆ, ಧೂಳು ಒರೆಸುವವಳೂ ನಾನೇ.

ಓಡಿಸುವುದು ನಿಂತ ಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆದರು. ತಂಡದ ಕಾರು ಓಡಿಸುವವನು ನನ್ನ ತಮ್ಮ. ವರ್ಷದ ಕೊನೆಯ ರೇಸಿನಲ್ಲಿ ಮೊದಲ ಮೂವರಲ್ಲಿ ಬಂದರೆ ಮುಂದಿನ ವರ್ಷವೂ ಕಾರಿನ ಸೀಟು ಅವನದೇ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಮಾಲೀಕರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಹಿಂದಿನ ದಿನದ ಅಭ್ಯಾಸದಲ್ಲಿ ತಮ್ಮ ಕಾರನ್ನು ಗೋಡೆಗೆ ಗುದ್ದಿದ. ಏನೂ ಆಗಿಲ್ಲ ಅಂದ. ಡಾಕ್ಟರನ್ನೂ ಮಾತಿನಲ್ಲೇ ನಗಿಸಿ ಕಳಿಸಿದನಂತೆ. ಅವನದು ಅರಳು ಹುರಿದಂಥ ಮಾತು.

ರೇಸಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್‌ಗಳು ಟೈರುಗಳ ಗಾಳಿ ನೋಡುತ್ತಿದ್ದರು. ತಮ್ಮ ಮೂಲೆಯ ಸ್ಟೂಲಿನ ಮೇಲೆ ಆಗಲೇ ಕೈಗವಸು ತೊಟ್ಟು ಕೂತಿದ್ದ. ಈ ಕೆಲಸದಲ್ಲಿ ಹೆಲ್ಮೆಟ್ ಮೊದಲು, ಕೈಗವಸು ಕೊನೆಗೆ. ಕೈಗವಸು ತೊಟ್ಟ ಬೆರಳಿಗೆ ಹೆಲ್ಮೆಟಿನ ಪಟ್ಟಿ ಬಿಗಿಯಲು ಬರುವುದಿಲ್ಲ. ನನಗೇ ಗೊತ್ತಿರುವುದು ಅಲ್ಲೇ ನಿಂತಿದ್ದ ಯಜಮಾನರಿಗೆ ಗೊತ್ತಾಗದೆ ಇರುತ್ತದೆಯೇ?

"ಗ್ಲೌಸ್ ತೆಗಿ," ಅಂದರು ಯಜಮಾನರು.

"ಯಾಕೆ ಭಾವ, ಈಗ ತಾನೆ ಹಾಕ್ಕೊಂಡೆ."

"ಬಲಗೈದು ನೀನೇ ತೆಗೆದು ತೋರಿಸು. ತೆಗೆದ್ರೆ ಕಾರು ನಿಂದು."

ಎಡಗೈಯಿಂದ ಎಳೆದ. ಹಲ್ಲಿನಿಂದ ಕಚ್ಚಿ ಎಳೆದ. ಕೈ ಒಳಗೇ ಊದಿಕೊಂಡಿತ್ತು, ಕೈಗವಸು ಜಗ್ಗಲಿಲ್ಲ. ಮುಖ ಬಿಳಿಚಿಕೊಂಡಿತು.

"ಅಕ್ಕ, ನೀನಾದ್ರೂ ಹೇಳೇ. ಒಂದೇ ರೇಸು."

ಕೂಸಾಗಿದ್ದಾಗ ನಾನು ಎತ್ತಿ ಆಡಿಸಿದ ಹುಡುಗ. ಹೋಗಲಿ ಬಿಡಿ ಎನ್ನಲು ಹೊರಟವಳ ಕಣ್ಣು ಯಜಮಾನರ ಮಡಚದ ಬೆರಳುಗಳ ಮೇಲೆ ಬಿತ್ತು. ಕತ್ತರಿ ತಂದು ಕೈಗವಸನ್ನು ಉದ್ದಕ್ಕೆ ಕತ್ತರಿಸಿದೆ. ಮಣಿಕಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಯಜಮಾನರು ಅಲ್ಲೇ ಮಾಲೀಕರಿಗೆ ಫೋನು ಮಾಡಿದರು. "ನಮ್ಮ ಹುಡುಗ ಇವತ್ತು ಓಡಿಸಲ್ಲ. ಗೊತ್ತು, ಸೀಟು ಹೋಗುತ್ತೆ. ಹೋಗ್ಲಿ."

ತಮ್ಮ ಎದ್ದು ನಿಂತ. "ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ರಿ ಭಾವ. ಅವತ್ತು ನಿಮ್ಮನ್ನ ಯಾರಾದ್ರೂ ತಡೆದ್ರಾ? ಓಡಿಸಿದ್ರಿ, ಗೆದ್ರಿ, ದೊಡ್ಡವರಾದ್ರಿ."

ಮದುವೆಯಾದಾಗಿನಿಂದ ನನಗೂ ಹೇಳದಿದ್ದುದನ್ನು ಯಜಮಾನರು ಆಗ ಹೇಳಿದರು.

"ಯಾರಾದ್ರೂ ತಡೀಲಿ ಅಂತ, ಹೆಲ್ಮೆಟ್ ಕಂಕುಳಲ್ಲೇ ಇಟ್ಕೊಂಡು ಗ್ಯಾರೇಜೆಲ್ಲ ಅದನ್ನೇ ಹುಡುಕೋ ಹಾಗೆ ನಟಿಸ್ತಾ ಓಡಾಡ್ದೆ ಕಣೋ. ಎಲ್ಲರೂ ನೋಡಿದ್ರು. ಒಬ್ರೂ ಏನಾಯ್ತು ಅಂತ ಕೇಳಲಿಲ್ಲ."