ಕೆಂಪವ್ವನ ಬೆರಳು

ಮೈ ತೊಳೆದು ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನ ಕೈ ಹಿಡಿಯಲು ಕಸ್ತೂರಿ ಬಾಗುವಷ್ಟರಲ್ಲಿ, ಚಿಗವ್ವ ಭರಮವ್ವ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಐದು ತಿಂಗಳ ಬಸುರಿ ಹೆಣ ಮುಟ್ಟಬಾರದು.

"ಹೊಸ್ತಲದಾಗ ನಿಂತ ನೋಡವ್ವಾ. ನಿಮ್ಮವ್ವ ಇದ್ದಿದ್ರ ಅಕಿನೂ ಬೈತಿದ್ಲು."

ಹುಕ್ಕೇರಿಯಿಂದ ನಾಗನೂರಿನ ತವರಿಗೆ ಕಸ್ತೂರಿ ಬಂದದ್ದು ವರ್ಷದ ಮೇಲೆ. ಅವಳು ಬಸುರಿಯೆಂದು ಇಲ್ಲಿಯವರಿಗೆ ಗೊತ್ತಾದದ್ದೇ ಇವತ್ತು. ಮೊದಲು ಅವ್ವನಿಗೇ ಹೇಳಬೇಕೆಂದು ಎರಡು ತಿಂಗಳಿಂದ ಫೋನು ಹಚ್ಚಿದ್ದಳು. ಅವ್ವ ಒಮ್ಮೆಯೂ ಎತ್ತಲಿಲ್ಲ. ಸಿಟ್ಟು ಹೊತ್ತುಕೊಂಡೇ ಹೋದಳೇ? ಬಸ್ಸಿನುದ್ದಕ್ಕೂ ಕೊರೆದದ್ದು ಅದೊಂದೇ.

*

ಕುರಿಯ ಹೊಟ್ಟೆಗೆ ಬೆರಳಾನಿಸಿದರೆ ಸಾಕು, ಮರಿ ಒಂದೋ ಎರಡೋ ಕಸ್ತೂರಿಯ ಅವ್ವ ಕೆಂಪವ್ವ ಹೇಳಿಬಿಡುತ್ತಿದ್ದಳು. ಕಲ್ಲೋಳಿಯಿಂದಲೂ ಕರೆಯಲು ಬರುತ್ತಿದ್ದರು. ಮಗಳ ಮೊದಲ ಬಸುರಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟವಳು ಬೆರಳನ್ನು ಅತ್ತಿತ್ತ ಸರಿಸಿ ನೋಡಿ, ಈಗಿಂದೀಗ ದವಾಖಾನೆಗೆ ನಡೆ ಎಂದಳು. ಕೂಸು ಉಳಿದಿರಲಿಲ್ಲ.

ದವಾಖಾನೆಯ ಮಂಚದ ಮೇಲೆ ಮಲಗಿಯೇ ಕಸ್ತೂರಿ ಅಂದುಬಿಟ್ಟಳು: "ಕಲ್ಲಿನಂಥಾ ಕೈ ಇಟ್ಟಿ, ಕೂಸು ಹೋತು. ಇನ್ನ ಮುಟ್ಟಬ್ಯಾಡ ನನ್ನ."

ಕೆಂಪವ್ವ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ಹೊರಗೆ ನಡೆದಳು.

*

"ವೈನಿ, ಅವ್ವ ನನ್ನ ಫೋನ್ ಯಾಕ ಎತ್ತಲಿಲ್ಲ?"

ಅಣ್ಣನ ಹೆಂಡತಿ ಕಾಡವ್ವ ಕಣ್ಣೊರೆಸಿಕೊಂಡು, ನಿನಗೆ ಗೊತ್ತೇ ಇಲ್ಲವೇನು ಎಂಬಂತೆ ನೋಡಿದಳು. ಗುಂಡಿ ಒತ್ತುವ ಹಳೆಯ ಫೋನು ಕೆಟ್ಟಿತೆಂದು ಅಣ್ಣ ಟಚ್ ಫೋನು ತಂದಿದ್ದ. ಅತ್ತೆಯ ಬೆರಳೆಲ್ಲ ದಡ್ಡುಗಟ್ಟಿದ್ದವು, ಎಷ್ಟು ಉಜ್ಜಿದರೂ ಗಾಜಿಗೆ ತಿಳಿಯುತ್ತಿರಲಿಲ್ಲ. ಮೂಡಲಗಿಯ ಅಂಗಡಿಯವ ಅದೇನೋ ಸೆನ್ಸಿಟಿವಿಟಿ ಏರಿಸಿಕೊಟ್ಟ. ಅದೂ ಆಗದಾಗ, ಫೋನಲ್ಲ, ಬೆರಳು ಬದಲಿಸಬೇಕಾಗುತ್ತದೆ ಆಯಿ ಎಂದು ನಕ್ಕು ಕಳಿಸಿದ. ಕಾಡವ್ವ ತಾನೇ ಹಚ್ಚಿಕೊಡುತ್ತೇನೆಂದರೂ ಅತ್ತೆ ಒಲ್ಲೆನ್ನುತ್ತಿದ್ದಳಂತೆ: ಮಗಳದು ಸೂಕ್ಷ್ಮ ಜೀವ, ನಾನು ಏನಾದರೂ ಅಂದು ಮತ್ತೆ ನೋಯಿಸಿಬಿಟ್ಟೇನು.

"ನೀ ಫೋನ್ ಹಚ್ಚಿ ಅದರಾಗ ನಿನ್ನ ಫೋಟೋ ಬಿದ್ರ ಸಾಕು," ಕಾಡವ್ವ ದನಿ ಇಳಿಸಿದಳು, "ಆ ಫೋನು ಗುಂಯ್ ಅಂತ ನಡಗೂತನಕಾ ಅಂಗೈಯಾಗ ಹಿಡಕೊಂಡ ಕುಂದರತಿದ್ರು, ಕುರಿ ಹೊಟ್ಟಿ ಹಿಡದಂಗ. ಮಾತ್ಯಾಕ ಬೇಕವಾ, ನನ್ನ ಮಗಳು ಕೈಯಾಗ ಮಿಡಕಾಕತ್ತಾಳ ಅಂತಿದ್ರು."

ಕಸ್ತೂರಿ ಹೊಸ್ತಿಲು ದಾಟಿದಳು.

ಒಳಗೆ ಭಂಡಾರ ಎರಚಿ ಆಗಿತ್ತು. ಅವ್ವನ ಒದ್ದೆ ಮೈಯ ತುಂಬ ಅರಿಷಿಣ. ಭರಮವ್ವ ತಡೆಯಲು ಕೈ ಚಾಚಿದಳು, ಹುಡುಗಿಯ ಮುಖ ನೋಡಿ ಕೈ ಇಳಿಸಿದಳು. ಆಮೇಲೆ ಬಾಗಿಲಿಗೆ ಅಡ್ಡ ನಿಂತು, ಹೊರಗಿನ ಗಂಡಸರಿಗೆ ಇನ್ನೊಂದೀಟು ತಡೀರಿ ಎಂದಳು.

ಡೊಳ್ಳು ಶುರುವಾಯಿತು. ಎಲ್ಲರೂ ಹೆಣದ ಹಿಂದೆ ಹಳ್ಳದ ಕಡೆಗೆ ಇಳಿದರು. ಕಸ್ತೂರಿ ಬಾಗಿಲಲ್ಲೇ ಉಳಿದಳು, ಹೊಟ್ಟೆಯ ಮೇಲೆ ಮೂಡಿದ್ದ ಅವ್ವನ ಐದು ಹಳದಿ ಬೆರಳುಗಳಿಗೆ ತಾಗದಂತೆ ಸೆರಗನ್ನು ಎತ್ತಿ ಹಿಡಿದು.