ಪಾಲಕರ ಅನುಮತಿ ಬೇಕು

ಮಕ್ಕಳ ಫೋನಿಗೆ ಕಡಿವಾಣ ಬೇಕೆಂದು ಭಾಲ್ಕಿಯ ಪಾಲಕರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಮ್ಮ ಪಕ್ಕದ ಮನೆಯ ಉತ್ತಮ. ಮರುದಿನವೇ ತನ್ನ ಫೋನು, ಒಂಬತ್ತನೇ ತರಗತಿಯ ಮಗಳು ಮೇಘಾಳ ಫೋನು ಎರಡನ್ನೂ ನಿಜಾಮೋದ್ದೀನನ ಮೊಬೈಲ್ ಅಂಗಡಿಗೆ ಒಯ್ದು, ಕೆಟ್ಟದ್ದನ್ನು ತಡೆಯುವ ಆ್ಯಪ್ ಹಾಕಿಸಿದ.

"ಮನ್ಯಾಗಿನ ಒಟಿಪಿ ಎಲ್ಲಾ ಯಾವುದಕ್ಕ ಬರ್ತಾವ್ರಿ?" ಎಂದು ನಿಜಾಮೋದ್ದೀನ ಕೇಳಿದನಂತೆ. ರೇಷನ್, ಗ್ಯಾಸು, ಬ್ಯಾಂಕು ಎಲ್ಲವೂ ಬರುವುದು ಮೇಘಾಳ ಫೋನಿಗೇ. ಉತ್ತಮ ಅದನ್ನು ತೋರಿಸಿದ. ಅದೇ ಯಜಮಾನನದು ಎಂದುಕೊಂಡು ನಿಜಾಮೋದ್ದೀನ ಅದಕ್ಕೆ ಪಾಲಕರ ಪಟ್ಟ ಕಟ್ಟಿದ. ಉತ್ತಮನದು ಮಗುವಿನ ಫೋನಾಯಿತು.

ಇದು ತಿಳಿದದ್ದು ಗುರುವಾರ ಮಧ್ಯಾಹ್ನ. ಉತ್ತಮ ಫೋನು ಹಿಡಿದು ಈ ಮುದುಕಿಯ ಕಟ್ಟೆಗೆ ಬಂದ.

"ಬಾಯಿ, ನೀವು ಓದಿದೋರು. ಇದನ್ನ ವಾಪಸ್ ತಗೊಳ್ಳಾಕ ಬರ್ತದೇನ್ ನೋಡ್ರಿ."

ಪರದೆಯ ಮೇಲೆ, 'ಲಾವಣಿ ನೃತ್ಯ. ವಯಸ್ಕರಿಗೆ ಮಾತ್ರ. ನಿಮ್ಮ ಕೋರಿಕೆಯನ್ನು ಪಾಲಕರಾದ ಮೇಘಾ ಅವರಿಗೆ ಕಳುಹಿಸಲಾಗಿದೆ' ಎಂದಿತ್ತು.

"ಲಾವಣಿಯೊಳಗ ಕೆಟ್ಟದ್ದೇನದ?" ಎಂದೆ.

"ಏನಿಲ್ರಿ. ಆದ್ರ ಸಭಾದಾಗ ಅಷ್ಟು ಭಾಷಣ ಬಿಗದೀನಿ. ಈಗ ಮಗಳಿಗಿ ಹ್ಯಾಂಗ ಮಾರಿ ತೋರಿಸ್ಲಿ? ಆಕಿ ಫೋನು ಮನ್ಯಾಗೇ ಅದ, ಲಾಕ್ ತೆಗಿಲಾಕ ಬರವಲ್ದು."

ನನ್ನ ಬಿ.ಎ. ಪದವಿ ಇಲ್ಲಿ ಕೆಲಸಕ್ಕೆ ಬರಲಿಲ್ಲ. ನಾನು ಎಲ್ಲೆಲ್ಲೋ ಒತ್ತಿದೆ. ಕೋರಿಕೆ ಹಿಂದಕ್ಕೆ ಬರುವ ಬದಲು ಇನ್ನೆರಡು ಸಲ ಹೋಯಿತು.

"ಸಾಕು ಬಿಡ್ರಿ ಬಾಯಿ," ಎಂದು ಉತ್ತಮ ಮೆಲ್ಲಗೆ ಫೋನು ಕಸಿದುಕೊಂಡ.

ಐದಕ್ಕೆ ಮೇಘಾ ಶಾಲೆಯಿಂದ ಬಂದಳು. ಒಳಗೆ ಹೋದವಳು ತನ್ನ ಫೋನು ಹಿಡಿದು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಉತ್ತಮ ಹಗ್ಗದ ಮೇಲೆ ಒಣಗಿದ್ದ ಅಂಗಿಯನ್ನು ತೆಗೆದು ಹಿಂಡತೊಡಗಿದ.

"ಪಪ್ಪಾ, ನಿಮ್ಮ ಫೋನಿನಿಂದ ಏನೋ ಮೂರು ಮೆಸೇಜ್ ಬಂದಾವ."

"ಕಂಪನಿಯೋರು ಸುಮ್ನ ಕಳಸ್ತಾರವ್ವ."

"ಹೌದ್ರಿ. ನಾ ಓದಂಗಿಲ್ಲ, ಹಂಗೇ ಅಳಸ್ತೇನಿ."

ಹೇಳುತ್ತಲೇ ಅವಳು ಒತ್ತಿದ್ದು ನನಗೆ ಕಾಣಿಸಿತು. ಮೊದಲು 'ಅನುಮತಿಸಿ'. ಆಮೇಲೆ 'ದಿನಕ್ಕೆ ನಲವತ್ತು ನಿಮಿಷ'. ನನ್ನತ್ತ ಒಮ್ಮೆ ನೋಡಿ, "ಆಯಿ, ಚಾ ಇಡ್ತೇನಿ," ಎಂದು ಎದ್ದು ಒಳಗೆ ಹೋದಳು.

ಉತ್ತಮನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಓದಿದ. ಅವನ ಮುಖಕ್ಕೆ ಜೀವ ಬಂತು.

"ಕಂಪನಿಯೋರಿಗಿ ತಮ್ಮ ತಪ್ಪು ತಿಳೀತು ನೋಡ್ರಿ ಬಾಯಿ," ಎಂದ. ಮತ್ತೆ ಪರದೆ ನೋಡಿ, "ಆದ್ರ ನಲವತ್ತೇ ನಿಮಿಷ ಯಾಕ ಅಂತೀನಿ?"

"ಕಣ್ಣಿಗಿ ತ್ರಾಸ ಆಗಬಾರದಂತ ಇರಬೇಕಪ್ಪ," ಎಂದೆ.