ಕೆಂಪು ಮುಳ್ಳು

ಕೆಂಪು ಸೆಕೆಂಡ್ ಮುಳ್ಳನ್ನು ಚಿಮಟದಲ್ಲಿ ಹಿಡಿದು ಕೈಗಡಿಯಾರದ ಮೇಲೆ ಬಾಗಿದ ತಮ್ಮ ಹಾಗೇ ಕಲ್ಲಾದ. ಮುಳ್ಳನ್ನು ಕೂರಿಸಲು ನಟ್ಟನಡುವೆ ಸೂಜಿಮೊನೆಯಷ್ಟು ಕಡ್ಡಿ ಇರಬೇಕು. ಗಡಿಯಾರದೊಳಗಿನ ಈ ಮಷೀನಿನಲ್ಲಿ ಅದು ಇರಲೇ ಇಲ್ಲ. ಗಂಟೆ, ನಿಮಿಷ ಎರಡನ್ನೇ ತೋರಿಸುವ ಮಷೀನು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದವನು ತಿರುಗಿಸಿಯೂ ನೋಡಿರಲಿಲ್ಲ.

ಕೇಸು ಒಂದು ಕಡೆಯದು, ಗಾಜು ಇನ್ನೊಂದು ಕಡೆಯದು, ಪಟ್ಟಿ ಹಳೆಯ ಚೀಲದ ಚರ್ಮದ್ದು. ಡಯಲಿಗೆ ತಾನೇ ನೀಲಿ ಬಣ್ಣ ಬಳಿದಿದ್ದ. ಇಷ್ಟೆಲ್ಲ ಅಕ್ಕನಿಗಾಗಿ. ಅವಳು ನರ್ಸು, ಹೊಸ ಆಸ್ಪತ್ರೆಯಲ್ಲಿ ಇವತ್ತು ಮಧ್ಯಾಹ್ನ ಮೊದಲ ಪಾಳಿ. ನಾಡಿ ಎಣಿಸಲು ಸೆಕೆಂಡ್ ಮುಳ್ಳು ಬೇಕೇ ಬೇಕು. "ಅಂಗಡೀಲಿ ತಗೋಬೇಡ, ನಾನೇ ಮಾಡ್ಕೊಡ್ತೀನಿ" ಎಂದು ಜಂಬ ಕೊಚ್ಚಿಕೊಂಡವನೂ ಇವನೇ.

ಎದ್ದುಬಿದ್ದು ಗುಜರಿ ಅಂಗಡಿಗೆ ಓಡಿದ. ಗುಜರಿಯವನು ಕೆಟ್ಟ ಗಡಿಯಾರಗಳ ಡಬ್ಬವನ್ನು ಮುಂದೆ ಸುರಿದು, "ಹುಡುಕಪ್ಪ, ನಿನ್ನ ಚಿನ್ನದ ಗಣಿ" ಎಂದು ನಕ್ಕ. ಕೆದಕಿ ಕೆದಕಿ ಬೆರಳು ಕಪ್ಪಾದವು. ಎಲ್ಲವೂ ಸತ್ತವೇ. ಮೈತುಂಬ ಗೀರು ಬಿದ್ದ ಒಂದು ಮಾತ್ರ ಕೀಲಿ ಕೊಟ್ಟದ್ದೇ ತಡ ಟಿಕ್‌ಟಿಕ್ ಎನ್ನತೊಡಗಿತು, ಅದರ ಸೆಕೆಂಡ್ ಮುಳ್ಳೂ ಓಡಿತು. ಇದರ ಮಷೀನು ಕಿತ್ತು ತನ್ನ ಕೇಸಿಗೆ ಹಾಕಿದರೆ ಮಾನ ಉಳಿಯಿತು ಎಂದುಕೊಂಡ.

ಮನೆಗೆ ಬಂದು ಮುಚ್ಚಳ ಬಿಚ್ಚಿ ಅಳತೆ ಹಿಡಿದ. ಮಷೀನು ಅವನ ಕೇಸಿಗೆ ಕೂದಲೆಳೆಯಷ್ಟು ದೊಡ್ಡದು. ಅರದಿಂದ ಅಂಚು ಉಜ್ಜಿದರೆ ಕೂರಬಹುದು. ಆದರೆ ಚೂರು ಪುಡಿ ಒಳಗೆ ಬಿದ್ದರೂ ನಿಂತೇ ಹೋಗುತ್ತದೆ.

"ಲೋ, ಹೊತ್ತಾಯ್ತು ಕಣೋ!" ಒಳಗಿನಿಂದ ಅಕ್ಕ ಕೂಗಿದಳು.

ಅರ ಕೈಯಲ್ಲೇ ಇತ್ತು. ಒಳಗೆ ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಅಳು ಬರುವಂತಾಯಿತು ಅವನಿಗೆ. ಅರ ಕೆಳಗಿಟ್ಟು, ಮುಚ್ಚಳ ಹಾಕಿ, ಗೀರು ಬಿದ್ದ ಗಡಿಯಾರವನ್ನೇ ಒರೆಸಿ ಅಕ್ಕನ ಕೈಗೆ ಕಟ್ಟಿದ.

"ಇದು ನೀನು ಮಾಡಿದ್ದಾ?"

"ಇಲ್ಲಕ್ಕ, ಬರೀ ಒರೆಸ್ದೆ. ನಾನು ಮಾಡಿದ್ದು ಅಲ್ಲಿದೆ. ಅದಕ್ಕೆ ಸೆಕೆಂಡ್ ಮುಳ್ಳಿಲ್ಲ."

ಅಕ್ಕ ಅವನ ಮಣಿಕಟ್ಟು ಹಿಡಿದು, ಮುಳ್ಳು ಒಂದು ಸುತ್ತು ಬರುವ ತನಕ ತುಟಿ ಅಲ್ಲಾಡಿಸಿದಳು.

"ಎಷ್ಟು ಜೋರಾಗಿ ಹೊಡ್ಕೋತಿದೆಯೋ ಕತ್ತೆ! ಇಷ್ಟಕ್ಕೆ ಹಿಂಗೆ ಹೆದರ್ಕೊಂಡ್ಯಾ?" ಎಂದವಳು ಮೇಜಿನ ಮೇಲಿದ್ದ ನೀಲಿ ಗಡಿಯಾರವನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡಳು. "ಇದು ರಜಾ ದಿನಕ್ಕೆ. ಅವತ್ತು ನಾನು ಯಾರ ನಾಡೀನೂ ಹಿಡಿಯಲ್ಲ."

ಅವಳು ಹೋದಾಗ ಮೇಜಿನ ಮೇಲೆ ಕೆಂಪು ಮುಳ್ಳೊಂದೇ ಉಳಿದಿತ್ತು. ಗಾಳಿಗೆ ಹಾರದಂತೆ ಅದರ ಮೇಲೊಂದು ಗಾಜಿನ ಲೋಟ ಬೋರಲು ಹಾಕಿದ.